ಅಂಕಿತ ಬಂದಾಗ ಒತ್ತುವ ಪೆಡಲು

ಅಪ್ಪಾಜಿ ತಮ್ಮ ಪೆಡಲ್ ಸ್ಟೀಲ್ ಗಿಟಾರನ್ನು ಕಟ್ಟಿದ ವರ್ಷ ಯಾವುದೆಂಬ ಬಗ್ಗೆ ನಮ್ಮ ಮನೆಯಲ್ಲಿ ಎರಡು ಮತಗಳಿದ್ದವು. ತಮ್ಮ ಕಾರ್ಖಾನೆಗೆ ಹೊಸ ಲೇತ್ ಯಂತ್ರ ಬಂದ ವರ್ಷ ಎಂಬುದು ಅಪ್ಪಾಜಿಯ ಮತ. ನಾನು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂತ ವರ್ಷ ಎಂಬುದು ಅಮ್ಮನ ಮತ. ಎರಡರ ನಡುವೆ ಮೂರು ವರ್ಷಗಳ ಅಂತರ. ಅಪ್ಪಾಜಿ ತೀರಿಕೊಂಡ ಮೇಲೆ ಹಳೆಯ ಆರ್ಕೆಸ್ಟ್ರಾ ಕಲಾವಿದರ ಸಣ್ಣ ಕೂಟವೊಂದು ಸ್ಮರಣ ಸಂಚಿಕೆಗಾಗಿ ಅರ್ಧ ಪುಟದ ಪರಿಚಯ ಕೇಳಿತು. ಈ ಅಂತರವನ್ನು ಬಗೆಹರಿಸದೆ ಒಂದು ವಾಕ್ಯ ಬರೆಯಲೂ ನನಗೆ ಮನಸ್ಸಾಗಲಿಲ್ಲ. ವೃತ್ತಿಯುದ್ದಕ್ಕೂ ಶಾಸನಗಳ ಕಾಲನಿರ್ಣಯ ಮಾಡಿದವಳಿಗೆ ಅದು ಅಭ್ಯಾಸವಾಗಿಬಿಟ್ಟಿದೆ.

ಸೋದರಮಾವನ ಮದುವೆಯ ಛಾಯಾಚಿತ್ರವೊಂದು ನೆರವಿಗೆ ಬಂತು. ಅದರ ಒಂದು ಮೂಲೆಯಲ್ಲಿ ಗಿಟಾರು ನಾಲ್ಕು ಕಾಲುಗಳ ಮೇಲೆ ನಿಂತಿದೆ, ಆದರೆ ಕೆಳಗೆ ಪೆಡಲುಗಳಿಲ್ಲ. ಮದುವೆಯ ಲಗ್ನಪತ್ರಿಕೆಯನ್ನು ಹುಡುಕಿ ನೋಡಿದರೆ ಅದರ ದಿನಾಂಕ ಸರಿಯಾಗಿ ಆ ಎರಡು ಮತಗಳ ನಡುವೆ ಬೀಳುತ್ತದೆ. ಅಲ್ಲಿಗೆ ವಿಷಯ ಸ್ಪಷ್ಟವಾಯಿತು. ಅಪ್ಪಾಜಿ ತೇಗದ ಹಲಗೆ ಕೊಯ್ದ ದಿನದಿಂದ ಎಣಿಸುತ್ತಿದ್ದರು. ಅಮ್ಮ ಅದರ ಮೇಲೆ ಮೊದಲ ಬಾರಿಗೆ ಕಾಲು ಬಿದ್ದ ದಿನದಿಂದ ಎಣಿಸುತ್ತಿದ್ದಳು. ಇಬ್ಬರದೂ ಸರಿ. ಕೂಟದವರಿಗೆ ಅರ್ಧ ಪುಟ ಬರೆದುಕೊಟ್ಟೆ. ಅದರಲ್ಲಿ ಹಿಡಿಯದೆ ಉಳಿದದ್ದು ಇದು.

ವಾದ್ಯವನ್ನು ಕಂಡಿಲ್ಲದವರಿಗೆ ಒಂದು ಮಾತು. ಸಾಮಾನ್ಯ ಗಿಟಾರನ್ನು ಎದೆಗೊತ್ತಿ ಹಿಡಿಯುತ್ತಾರೆ, ಇದನ್ನು ಮೇಜಿನಂತೆ ಮಲಗಿಸುತ್ತಾರೆ. ಎಡಗೈಯಲ್ಲಿ ನುಣುಪಾದ ಉಕ್ಕಿನ ಗುಂಡು ಹಿಡಿದು ತಂತಿಗಳ ಮೇಲೆ ಜಾರಿಸಬೇಕು, ಬಲಗೈ ಬೆರಳುಗಳಿಂದ ಮೀಟಬೇಕು. ಇಷ್ಟಾದರೆ ಅದು ನಮ್ಮವರು ಬಹುಕಾಲದಿಂದ ನುಡಿಸುತ್ತಿದ್ದ ಹವಾಯಿಯನ್ ಗಿಟಾರು. ಅಪ್ಪಾಜಿಯ ವಾದ್ಯದಲ್ಲಿ ಇನ್ನೂ ಒಂದಿತ್ತು. ಹಲಗೆಯ ಅಡಿಯಿಂದ ಕಬ್ಬಿಣದ ಸರಳುಗಳು ಇಳಿದು ನೆಲದ ಬಳಿ ಪೆಡಲುಗಳನ್ನು ಸೇರುತ್ತಿದ್ದವು. ಎಡಗಾಲಿನಿಂದ ಒಂದು ಪೆಡಲನ್ನು ಒತ್ತಿದರೆ ಉಳಿದ ತಂತಿಗಳು ಇದ್ದಲ್ಲೇ ಇದ್ದು ಒಂದು ತಂತಿ ಮಾತ್ರ ಬಿಗಿದು ಸ್ವರ ಮೇಲೇರುತ್ತದೆ, ಬಿಟ್ಟರೆ ಮತ್ತೆ ಇಳಿದು ಮನೆ ಸೇರುತ್ತದೆ. ಬಲಗಾಲು ಇನ್ನೊಂದು ಪೆಡಲಿನ ಮೇಲಿದ್ದು ನಾದವನ್ನು ಹಿಗ್ಗಿಸುತ್ತದೆ, ಕುಗ್ಗಿಸುತ್ತದೆ.

ರಾಜಾಜಿನಗರದ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಅವರು ಫಿಟ್ಟರ್. ಸಂಜೆ ಮತ್ತು ಭಾನುವಾರಗಳಲ್ಲಿ ಆರ್ಕೆಸ್ಟ್ರಾ. ದಂಡು ಪ್ರದೇಶದ ಹೋಟೆಲೊಂದರಲ್ಲಿ ಪರದೇಶದ ವಾದ್ಯಗಾರನೊಬ್ಬ ಈ ವಾದ್ಯ ನುಡಿಸಿದಾಗ ಎಲ್ಲರೂ ಅವನ ಕೈ ನೋಡಿದರಂತೆ. ಅಪ್ಪಾಜಿ ಬಗ್ಗಿ ಮೇಜಿನ ಅಡಿ ನೋಡಿದರಂತೆ. "ಕೆಳಗೇನಿದೆ ಅಂತ ಗೊತ್ತಾದ್ರೆ ಮೇಲಿಂದು ತಾನಾಗೇ ಬರುತ್ತೆ" ಎಂಬುದು ಯಂತ್ರಗಳ ಬಗ್ಗೆ ಅವರ ಮಾತು. ಮನುಷ್ಯರ ಬಗ್ಗೆಯೂ ಕೆಲವೊಮ್ಮೆ ಅದನ್ನೇ ಅನ್ನುತ್ತಿದ್ದರು.

ಪೆಡಲುಗಳು ಬಂದ ದಿನ ಮನೆಯಲ್ಲಿ ನಡೆದ ವಾಗ್ವಾದಕ್ಕೆ ನಾನೇ ಸಾಕ್ಷಿ. ನಮ್ಮದು ತುಮಕೂರಿನ ಕಡೆಯಿಂದ ಬಂದ ಶಿವಭಕ್ತರ ಮನೆತನ. ಪುಸ್ತಕಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಮನೆಯಲ್ಲಿ ವಾದ್ಯವನ್ನೇ ತುಳಿಯುವುದೆಂದರೆ ಸಣ್ಣ ಸಂಗತಿಯಲ್ಲ.

"ಸರಸ್ವತೀನ ಕಾಲಲ್ಲಿ ತುಳೀತೀರೇನ್ರೀ?" ಎಂದಳು ಅಮ್ಮ.

"ನೀನು ಹೊಲಿಗೆ ಮಿಷನ್ನು ತುಳಿಯಲ್ವಾ? ಆಯುಧಪೂಜೆ ದಿನ ಅದಕ್ಕೆ ವಿಭೂತಿ, ಕುಂಕುಮ, ಹೂವು. ಮಾರನೇ ದಿನ ಬೆಳಗಾಗೆದ್ದು ಅದನ್ನೇ ತುಳೀತೀಯ."

"ಅದು ಬಟ್ಟೆ ಹೊಲಿಯುತ್ತೆ. ಇದು ಹಾಡುತ್ತೆ. ಹಾಡೋ ಬಾಯಿಗೆ ಯಾರಾದ್ರೂ ಕಾಲಿಡ್ತಾರಾ?"

ಕೊನೆಗೆ ಅಮ್ಮನೇ ಒಂದು ದಾರಿ ಹೇಳಿದಳು: ಕೂರುವ ಮುಂಚೆ ಕಾಲು ತೊಳೆಯಬೇಕು, ಪೆಡಲನ್ನು ಕೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು, ಎಂದೂ ಪಾದರಕ್ಷೆ ಹಾಕಿ ಅದನ್ನು ಮುಟ್ಟಬಾರದು. ಅಪ್ಪಾಜಿ ಒಪ್ಪಿದರು. ಅಂದಿನಿಂದ ಬಚ್ಚಲ ಹಂಡೆಯಲ್ಲಿ ಅವರ ಕಾಲಿಗೆಂದೇ ಒಂದು ಚೊಂಬು ಬಿಸಿನೀರು ಉಳಿಯತೊಡಗಿತು. ಬಸವೇಶ್ವರನಗರದಲ್ಲಿ ಸ್ವಂತ ಮನೆ ಕಟ್ಟಿ, ಹಂಡೆ ಹೋಗಿ ಗೀಸರ್ ಬಂದ ಮೇಲೂ ಆ ಕ್ರಮ ತಪ್ಪಲಿಲ್ಲ. ನೀರನ್ನು ಅಮ್ಮನೇ ತಂದಿಡುತ್ತಿದ್ದಳು. ಆದರೆ ಅವರು ನುಡಿಸುವಾಗ ಆ ಕೋಣೆಯಲ್ಲಿ ಕೂರುತ್ತಿರಲಿಲ್ಲ. ಅಡುಗೆಮನೆಯಿಂದ ಕೇಳುತ್ತಿದ್ದಳು.

ಹಾಗೆಂದು ಅವರ ಸಂಗೀತದಲ್ಲಿ ಅವಳ ಪಾಲು ಕಡಿಮೆಯದಲ್ಲ. ಮಾತು ಗೊತ್ತಿಲ್ಲದ ಹಾಡನ್ನು ಅಪ್ಪಾಜಿ ಮುಟ್ಟುತ್ತಿರಲಿಲ್ಲ. ಹೊಸ ಹಾಡು ಬಂದರೆ ಅಮ್ಮ ಅದನ್ನು ಹಾಡಿ ತೋರಿಸಬೇಕು. ವಚನ ಹಾಡುವ ಮಹಿಳೆಯರ ಕೂಟವಾದ ಅಕ್ಕನ ಬಳಗದಲ್ಲಿ ಪಳಗಿದ ಕಂಠ ಅವಳದು. ಅವಳು ಉಸಿರು ತೆಗೆದುಕೊಂಡ ಕಡೆ ಇವರ ಬಲಗಾಲು ನಾದವನ್ನು ಇಳಿಸುತ್ತಿತ್ತು. ವಚನದ ಕೊನೆಯಲ್ಲಿ ಅಂಕಿತ ಬರುತ್ತದಲ್ಲ, ವಚನಕಾರರು ತಮ್ಮ ದೈವವನ್ನು ಹೆಸರಿಟ್ಟು ಕರೆಯುವ ಆ ಪದ, ಅಲ್ಲಿ ಎಡಗಾಲು ಎರಡನೆಯ ಪೆಡಲನ್ನು ಒತ್ತುತ್ತಿತ್ತು. ಒಂದು ತಂತಿ ಮೆಲ್ಲನೆ ಮೇಲೇರಿ ಇನ್ನೊಂದನ್ನು ಸೇರುತ್ತಿತ್ತು. ತಲೆ ಎತ್ತಿ ಕರೆದಂತೆ ಕೇಳುತ್ತಿತ್ತು. ಇದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ.

ನುಡಿಸಲು ಕೂತಾಗ ಕೊರಳಿನ ಇಷ್ಟಲಿಂಗದ ಕರಡಿಗೆಯನ್ನು ಬನಿಯನ್ನಿನೊಳಗೆ ಸೇರಿಸಿಕೊಳ್ಳುತ್ತಿದ್ದರು. ಬಾಗಿದಾಗ ಬೆಳ್ಳಿ ಉಕ್ಕಿಗೆ ತಾಗಿ ಸದ್ದಾಗಬಾರದೆಂದು. ಸಭಿಕರನ್ನು ನೋಡುವ ಅಭ್ಯಾಸ ಅವರಿಗಿರಲಿಲ್ಲ. ಒಂದು ಆರತಕ್ಷತೆಯಲ್ಲಿ ಮದುಮಗನ ಗೆಳೆಯರು ವೇದಿಕೆಯ ಬಳಿಗೆ ಬಂದು, "ಸಾರ್, ಒಂದು ಹಿಂದಿ ಹಾಕಿ ಸಾರ್, ಬರೀ ಭಕ್ತಿಗೀತೆ ಆಯ್ತು" ಎಂದು ಗಲಾಟೆ ಮಾಡಿದರು. ಅಪ್ಪಾಜಿ ತಲೆ ಎತ್ತದೆ, "ಮಾತು ಹೇಳ್ಕೊಡಿ, ನುಡಿಸ್ತೀನಿ" ಎಂದರು. ಹುಡುಗರು ಒಂದು ಸಾಲು ಹೇಳಿದರು. "ಅರ್ಥ?" ಎಂದರು ಅಪ್ಪಾಜಿ. ಗೆಳೆಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಮಗಾ, ನೀನ್ ಹೇಳೋ." "ಏ, ನನಗೇನ್ ಗೊತ್ತೋ, ನೀನೇ ತಾನೆ ದಿನಾ ಹಾಡೋದು!" ಅಷ್ಟರಲ್ಲಿ ಊಟಕ್ಕೆ ಕರೆ ಬಂತು.

ಎರಡು ಸಾವಿರದ ದಶಕ ಬರುವ ಹೊತ್ತಿಗೆ ಕಾರ್ಖಾನೆಯಿಂದ ಅವರು ನಿವೃತ್ತರಾಗಿ ಬಹಳ ಕಾಲವಾಗಿತ್ತು. ಆರ್ಕೆಸ್ಟ್ರಾದಿಂದ ನಿವೃತ್ತಿಯಾದದ್ದು ಆ ದಶಕದ ಮೊದಲ ವರ್ಷಗಳಲ್ಲಿ, ಒಂದೇ ಮಧ್ಯಾಹ್ನದಲ್ಲಿ. ತಂಡದ ಯಜಮಾನರು ಹೊಸ ಕೀಬೋರ್ಡು ತಂದಿದ್ದರು. "ನೋಡಿ ಸಾರ್, ಈ ಗುಂಡಿ ಒತ್ತಿದ್ರೆ ನಿಮ್ಮ ಗಿಟಾರೇ ಬರುತ್ತೆ" ಎಂದು ಸಂಕೋಚದಿಂದಲೇ ತೋರಿಸಿದರು. ಅಪ್ಪಾಜಿ ಪೂರ್ತಿ ಕೇಳಿ, "ಚೆನ್ನಾಗಿದೆ ಕಣಪ್ಪ. ಇದಕ್ಕೆ ಸುಸ್ತೇ ಆಗಲ್ಲ" ಎಂದರು. ಆ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ವಾದ್ಯದ ಕಾಲುಗಳನ್ನು ಬಿಚ್ಚಿ, ಪೆಟ್ಟಿಗೆಗಿಟ್ಟು, ಆಟೋದಲ್ಲಿ ಮನೆಗೆ ಬಂದರು. ಮುಂದೆ ಅವರು ನುಡಿಸಿದ್ದೆಲ್ಲ ಮನೆಯ ಮುಂಗೋಣೆಯಲ್ಲಿ, ಸಂಜೆಯ ಹೊತ್ತು. ಕೇಳುವವರೆಂದರೆ ಅಡುಗೆಮನೆಯಲ್ಲಿ ಅಮ್ಮ, ಮಹಡಿಯಲ್ಲಿ ಬಾಡಿಗೆಗಿದ್ದ ಬಾಗಲಕೋಟೆ ಕಡೆಯ ಬ್ಯಾಂಕ್ ನೌಕರರು, ಭಾನುವಾರವಾದರೆ ಆರ್‌ಪಿಸಿ ಲೇಔಟಿನಿಂದ ಬರುತ್ತಿದ್ದ ನಾನು.

ಇನ್ನು ಹೇಳಬೇಕಾದದ್ದು ಆ ದಶಕದ ಕೊನೆಯ ಭಾಗಕ್ಕೆ ಸೇರಿದ್ದು. ವಿಜಯನಗರದ ರಸ್ತೆಯ ನಡುವೆ ಮೆಟ್ರೊ ಕಂಬಗಳು ಇನ್ನೂ ಎದ್ದಿರಲಿಲ್ಲ. ಔಷಧಿ ಚೀಟಿಗಳನ್ನು ಪಂಚಾಂಗದೊಡನೆ ತಾಳೆ ನೋಡಿದ್ದೇನೆ: ಕಾರ್ತಿಕ ಮಾಸದ ಕೊನೆಯ ಸೋಮವಾರ ಕಳೆದ ವಾರ. ಅಪ್ಪಾಜಿಗೆ ಸಕ್ಕರೆ ಕಾಯಿಲೆ ಬಂದು ಹಲವು ವರ್ಷಗಳಾಗಿದ್ದವು. ಆ ಭಾನುವಾರ ಅವರು ಅಂಗಳದಲ್ಲಿ ನಡೆದು ಬಂದಾಗ ಎಡಗಾಲಿನ ತೇವದ ಗುರುತು ನೆಲದ ಮೇಲೆ ಮೂಡಿತು. ನೀರೆಂದುಕೊಂಡೆ. ಬಗ್ಗಿ ನೋಡಿದರೆ ಕೀವು. ಪಾದದ ಮುಂಭಾಗದ ಚರ್ಮ ಸುಲಿದು, ಎರಡು ಬೆರಳುಗಳ ಬುಡ ಕಪ್ಪಿಟ್ಟಿತ್ತು.

"ನೋವಾಗ್ಲಿಲ್ವಾ ಅಪ್ಪಾಜಿ?"

"ಎಲ್ಲಿ?" ಎಂದರು ಅವರು.

ಮಾಗಡಿ ರಸ್ತೆಯ ಕ್ಲಿನಿಕ್ಕಿಗೆ ಮೂವರೂ ಹೋದೆವು. ವೈದ್ಯರು ನಡುವಯಸ್ಸಿನವರು, ಮಾತುಗಾರರು. ಅಪ್ಪಾಜಿಯನ್ನು ಮಲಗಿಸಿ, ಕಣ್ಣು ಮುಚ್ಚಲು ಹೇಳಿ, ತೆಳುವಾದ ನೈಲಾನ್ ಎಳೆಯೊಂದನ್ನು ಹಿಡಿದು, "ಇದು ಕಾಲಿಗೆ ತಾಗಿದಾಗೆಲ್ಲ ಹೂಂ ಅನ್ನಿ ಸಾರ್" ಎಂದರು. ಹೆಬ್ಬೆರಳು, ಅಂಗಾಲು, ಹಿಮ್ಮಡಿ, ಆಮೇಲೆ ಇನ್ನೊಂದು ಕಾಲು. ಒಂದೊಂದು ಕಡೆಯೂ ಎಳೆ ಬಾಗುವಷ್ಟು ಒತ್ತಿದರು. ಅಪ್ಪಾಜಿ ಕಣ್ಣು ಮುಚ್ಚಿಕೊಂಡೇ, "ಶುರು ಮಾಡಿ ಡಾಕ್ಟ್ರೇ" ಎಂದರು.

"ಮುಗೀತು ಸಾರ್" ಎಂದರು ವೈದ್ಯರು.

ಆಮೇಲೆ ಗಾಯವನ್ನು ಹತ್ತಿರದಿಂದ ನೋಡಿದರು. "ಇದು ಸುಟ್ಟ ಗಾಯ. ಬಿಸಿನೀರಲ್ಲಿ ಕಾಲು ಇಡ್ತೀರಾ?"

"ದಿನಾ ತೊಳ್ಕೊಳ್ತೀನಿ. ಕೂರೋಕೆ ಮುಂಚೆ."

"ಕೂರೋಕೆ ಅಂದ್ರೆ? ಪೂಜೆಗಾ?"

"ಗಿಟಾರ್ ನುಡಿಸೋಕೆ. ಕಾಲಲ್ಲಿ ನುಡಿಸೋದು."

"ಕಾಲಲ್ಲಾ!" ವೈದ್ಯರು ನಕ್ಕು ನರ್ಸಿನ ಕಡೆ ತಿರುಗಿದರು. "ನಾವು ಕೈಯಲ್ಲೇ ನುಡಿಸೋಕೆ ಬರದೆ ಬಿಟ್ವಿ ಸಿಸ್ಟರ್." ಮತ್ತೆ ಗಂಭೀರರಾಗಿ ವಿವರಿಸಿದರು. ಕಾಲಿನ ನರಗಳು ಅರಿವು ಕಳೆದುಕೊಂಡಿವೆ. ಕುದಿಯುವ ನೀರು ಬಿದ್ದರೂ ಗೊತ್ತಾಗುವುದಿಲ್ಲ. ಸುಟ್ಟ ಜಾಗದ ಮೇಲೆ ದಿನವೂ ಬರಿಗಾಲಿನಲ್ಲಿ ಕಬ್ಬಿಣ ಒತ್ತಿದ್ದರಿಂದ ಗಾಯ ಆಳಕ್ಕೆ ಇಳಿದಿದೆ. ಎಡಗಾಲಿನ ಮೇಲೆ ಯಾವ ಒತ್ತಡವೂ ಬೀಳಬಾರದು. ಬಿದ್ದರೆ ಬೆರಳು ತೆಗೆಯಬೇಕಾದೀತು, ಅಲ್ಲಿಗೂ ನಿಲ್ಲದಿದ್ದರೆ ಪಾದ. "ಮನೆಯೊಳಗೂ ಮೆತ್ತನೆ ಚಪ್ಪಲಿ ಹಾಕ್ಕೋಬೇಕು. ಬರಿಗಾಲು ಅನ್ನೋದು ಇನ್ನು ಇಲ್ಲ."

ಅಪ್ಪಾಜಿ ಕೇಳಿದ್ದು ಒಂದೇ: "ಎಡಗಾಲೇ ಅಲ್ವಾ?" ವೈದ್ಯರಿಗೆ ಆ ಪ್ರಶ್ನೆಯ ಭಾರ ತಿಳಿಯುವಂತಿರಲಿಲ್ಲ. ಅಮ್ಮನಿಗೆ ತಿಳಿಯಿತು. ಅವಳು ಸೆರಗಿನ ತುದಿಯನ್ನು ಬಾಯಿಗೊತ್ತಿಕೊಂಡು ಗೋಡೆಯ ಕಡೆ ತಿರುಗಿದಳು. ಮನೆಗೆ ಬಂದ ಮೇಲೆ ನನ್ನೊಡನೆ ಒಂದೇ ಮಾತಾಡಿದಳು: "ನೀರು ಕಾಯಿಸಿ ಇಟ್ಟೋಳು ನಾನು ಕಣೇ."

"ಗೀಸರ್ ಎಷ್ಟು ಕಾಯುತ್ತೆ ಅಂತ ನಿನಗೇನಮ್ಮ ಗೊತ್ತು?"

"ತೊಳೀಬೇಕು ಅಂದೋಳು ಯಾರು?"

ನನಗೆ ಆಗ ಮೂಡಿದ ಪ್ರಶ್ನೆ ಬೇರೆ. ಅರಿವೇ ಇಲ್ಲದ ಕಾಲಿನಿಂದ ಇಷ್ಟು ದಿನ ಪೆಡಲನ್ನು ಅಷ್ಟು ಕರಾರುವಾಕ್ಕಾಗಿ ಹೇಗೆ ಒತ್ತುತ್ತಿದ್ದರು? ಕೇಳಿದೆ. "ಸ್ವರ ಬಂದ್ರೆ ಕಾಲು ಮುಟ್ಟಿದೆ ಅಂತ ಅರ್ಥ" ಎಂದರು. ಎಂದಿನಿಂದ ಹಾಗೆ ಎಂಬುದನ್ನು ಅವರು ಹೇಳಲಿಲ್ಲ. ನನಗೆ ನಿರ್ಣಯಿಸಲಾಗದ ಕಾಲಗಳಲ್ಲಿ ಅದೂ ಒಂದು.

ಪೆಡಲಿಲ್ಲದೆ ನುಡಿಸಲು ಒಂದು ಸಂಜೆ ಪ್ರಯತ್ನಿಸಿದರು. ಎಡಗಾಲನ್ನು ಪಕ್ಕಕ್ಕೆ ಚಾಚಿ, ಉಕ್ಕಿನ ಗುಂಡೊಂದರಿಂದಲೇ ವಚನವೊಂದನ್ನು ಕೊನೆಯವರೆಗೂ ತಂದರು. ಅಂಕಿತ ಬಂತು. ತಂತಿ ಇದ್ದಲ್ಲೇ ಉಳಿಯಿತು. ಕರೆಯಬೇಕಾದ ಕಡೆ ಅದು ಬರಿದೇ ಹೇಳಿ ಮುಗಿಸಿತು. ಅಪ್ಪಾಜಿ ಮೀಟಲು ಬೆರಳಿಗೆ ತೊಟ್ಟಿದ್ದ ಲೋಹದ ಉಗುರುಗಳನ್ನು ಕಳಚಿ ಡಬ್ಬಿಗೆ ಹಾಕಿ, ವಾದ್ಯದ ಮೇಲೆ ಬಟ್ಟೆ ಹೊದಿಸಿದರು.

ಆಮೇಲೆ ಮನೆ ಮೌನವಾಯಿತು. ಮಹಡಿಯವರು ಒಂದು ದಿನ ಗೇಟಿನಲ್ಲಿ ನಿಂತು ಕೇಳಿದರು: "ಕಾಕಾರ, ಆರಾಮ ಇಲ್ಲೇನ್ರಿ? ನಿಮ್ಮ ಬಾಜಾ ಕೇಳಿ ಭಾಳ ದಿವಸ ಆತು."

"ಕಾಲಿಗೆ ರಜಾ ಕೊಟ್ಟಿದೀನಿ" ಎಂದರು ಅಪ್ಪಾಜಿ.

"ಕಾಲಿಗೆ ರಜಾ ಕೊಟ್ರ ಕೈ ಯಾಕ ಕುಂತಾವ್ರಿ?"

ಅಪ್ಪಾಜಿ ನಕ್ಕರು. ಒಳಗೆ ಬಂದು ಕೂತ ಮೇಲೆ ಆ ನಗು ಉಳಿದಿರಲಿಲ್ಲ. ಇಡೀ ಸಂಜೆ ರೇಡಿಯೊ ಮುಂದೆ ಕೂರುತ್ತಿದ್ದರು. ಊಟದಲ್ಲಿ ರುಚಿಯಿಲ್ಲ, ಪತ್ರಿಕೆಯ ಪುಟ ಮಗುಚುತ್ತಿರಲಿಲ್ಲ. ಗಾಯವೂ ಒಣಗುತ್ತಿರಲಿಲ್ಲ. ಬ್ಯಾಂಡೇಜು ಬದಲಿಸಲು ಹೋದಾಗಲೆಲ್ಲ ವೈದ್ಯರು, "ಕಾಲು ಊರ್ತಾ ಇದೀರಿ, ಸುಳ್ಳು ಹೇಳಬೇಡಿ" ಎಂದು ಗದರಿದರು. ಇಲ್ಲವೆಂದು ಅಪ್ಪಾಜಿ ಪ್ರಮಾಣ ಮಾಡಿದರು. ಇನ್ನೆರಡು ವಾರ ನೋಡಿ ಬೆರಳು ತೆಗೆಯುವುದೇ ಸರಿ ಎಂಬಲ್ಲಿಗೆ ಮಾತು ಬಂದಿತ್ತು.

ಕಾರಣ ಕಂಡುಹಿಡಿದವಳು ಅಮ್ಮ. ಒಂದು ಭಾನುವಾರ ರೇಡಿಯೊದಲ್ಲಿ ಯಾರೋ ವಚನ ಹಾಡುತ್ತಿದ್ದರು. ಅಮ್ಮ ನನ್ನ ಮೊಣಕೈ ಹಿಡಿದು ಕೆಳಗೆ ತೋರಿಸಿದಳು. ಪಂಚೆಯ ಅಂಚಿನ ಕೆಳಗೆ ಅಪ್ಪಾಜಿಯ ಕಟ್ಟು ಹಾಕಿದ ಎಡಗಾಲು, ಹಾಡಿನ ಒಂದೊಂದು ತಿರುವಿನಲ್ಲೂ, ನೆಲವನ್ನು ಬಲವಾಗಿ ಒತ್ತುತ್ತಿತ್ತು. ಅವರಿಗೆ ಅದರ ಅರಿವಿರಲಿಲ್ಲ. ಇರುವ ಸಾಧ್ಯತೆಯೂ ಇರಲಿಲ್ಲ.

ಅಮ್ಮ ರೇಡಿಯೊ ಆರಿಸಿದಳು.

"ಯಾಕೆ?" ಎಂದರು ಅಪ್ಪಾಜಿ.

"ಏಳಿ. ಬಟ್ಟೆ ತೆಗೀರಿ ಅದರ ಮೇಲಿಂದ." ಅಡುಗೆಮನೆಯಿಂದ ಮಣೆ ತಂದು ವಾದ್ಯದ ಎಡಬದಿಯಲ್ಲಿ ನೆಲಕ್ಕಿಟ್ಟಳು. ಒಂದು ಸ್ಟೂಲಿನ ಮೇಲೆ ದಿಂಬಿಟ್ಟು ಅವರ ಎಡಗಾಲನ್ನು ತಾನೇ ಎತ್ತಿ ಅದರ ಮೇಲಿರಿಸಿದಳು. "ಇದು ಇಲ್ಲಿಂದ ಅಲ್ಲಾಡಬಾರದು. ಒತ್ತೋದು ನಾನು ಒತ್ತುತ್ತೀನಿ."

"ನೀನಾ?"

"ಕೈಯಲ್ಲಿ ಒತ್ತಿದ್ರೆ ದೋಷ ಇಲ್ಲ."

ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ನಮ್ಮ ಮನೆಯಲ್ಲಿದ್ದ ಪೆಡಲನ್ನು ಅಮ್ಮ ಮುಟ್ಟಿದ್ದು ಅದೇ ಮೊದಲು. ಮಣೆಯ ಮೇಲೆ ಕೂತು, ವಾದ್ಯದ ಅಡಿಗೆ ತೋಳು ಚಾಚಿ, ಅಂಗೈ ಊರಿ ಒತ್ತಿದಳು. ಎರಡು ಪೆಡಲುಗಳೂ ಒಟ್ಟಿಗೆ ಇಳಿದವು. ಹೊರಟ ಧ್ವನಿಗೆ ನಾನು ನಕ್ಕುಬಿಟ್ಟೆ.

"ಒಂದನ್ನ ಒತ್ತು ಅಂದ್ರೆ ರೊಟ್ಟಿ ತಟ್ಟೋ ಹಾಗೆ ಅಂಗೈ ಪೂರ್ತಿ ಹಾಕ್ತೀಯಲ್ಲ!" ಎಂದರು ಅಪ್ಪಾಜಿ.

"ಸುಮ್ನಿರಿ. ನೀವು ಇಷ್ಟು ವರ್ಷ ತುಳಿದಿದ್ದನ್ನ ನಾನು ಒಂದೇ ದಿನ ಕಲೀಬೇಕಾ?"

"ಯಾವಾಗ ಒತ್ತಬೇಕು ಅಂತ ನಾನು ಹೂಂ ಅಂತೀನಿ."

"ಬೇಡ. ಮಾತು ನನಗೆ ಗೊತ್ತು."

ಮಾತು ಅವಳಿಗೆ ಗೊತ್ತಿತ್ತು ನಿಜ, ಆದರೆ ಮೊದಲ ದಿನಗಳಲ್ಲಿ ಕೈ ತಡವಾಗುತ್ತಿತ್ತು. ಪೆಡಲಿನ ಸ್ಪ್ರಿಂಗು ಗಂಡಸಿನ ಕಾಲಿನ ಬಲಕ್ಕೆಂದು ಬಿಗಿದದ್ದು. ಅವಳ ಮಣಿಕಟ್ಟು ಬಾತುಕೊಂಡಿತು. ಇನ್ನೊಂದು ಭಾನುವಾರ ನಾನು ಹೋದಾಗ ಅಪ್ಪಾಜಿ ನೆಲದ ಮೇಲೆ ಒರಗಿ ಕೂತು, ಕಾಲನ್ನು ದಿಂಬಿನ ಮೇಲೆಯೇ ಇಟ್ಟುಕೊಂಡು, ಸ್ಪ್ಯಾನರ್ ಹಿಡಿದು ಸ್ಪ್ರಿಂಗನ್ನು ಸಡಿಲಿಸುತ್ತಿದ್ದರು. ಸ್ವಲ್ಪ ತಿರುಗಿಸುವುದು, "ಒತ್ತು" ಎನ್ನುವುದು, ಅವಳ ಮುಖ ನೋಡುವುದು, ಮತ್ತೆ ತಿರುಗಿಸುವುದು. ಸ್ಪ್ರಿಂಗು ಸಡಿಲವಾದರೆ ಸ್ವರ ತನ್ನ ಜಾಗಕ್ಕೆ ಸರಿಯಾಗಿ ಮರಳುವುದಿಲ್ಲ. ಆದ್ದರಿಂದ ಅಡಿಯ ಸರಳುಗಳನ್ನೂ ಹೊಸದಾಗಿ ಹೊಂದಿಸಿದರು. ಹಲವು ದಿನಗಳ ಕೆಲಸ. ಆ ದಿನಗಳಲ್ಲಿ ಅವರ ಮುಖ ಕಾರ್ಖಾನೆಯಿಂದ ಮರಳುತ್ತಿದ್ದ ಕಾಲದ ಮುಖವಾಗಿತ್ತು.

ಅವರಿಬ್ಬರ ವಾದನ ದೋಷರಹಿತವಾಗಿತ್ತೆಂದು ನಾನು ಬರೆಯಲಾರೆ. ಅಮ್ಮ ಕೆಲವೊಮ್ಮೆ ಅವಸರಿಸುತ್ತಿದ್ದಳು. ಹಾಡಿಕೊಂಡೇ ಒತ್ತುತ್ತಿದ್ದ ಅವಳ ಉಸಿರು ವಯಸ್ಸಿನಿಂದ ಗಿಡ್ಡವಾಗಿತ್ತು, ಹಾಗಾಗಿ ಅಂಕಿತ ಬೇಗ ಬಂದುಬಿಡುತ್ತಿತ್ತು. ಆಗ ಅಪ್ಪಾಜಿ ಎಡಗೈಯ ಗುಂಡನ್ನು ಬೇಗ ಜಾರಿಸಿ ಅವಳನ್ನು ಹಿಂಬಾಲಿಸುತ್ತಿದ್ದರು. ಜೀವಮಾನವಿಡೀ ಹಾಡುಗಾರರ ಹಿಂದೆ ಹೋದ ಕೈಗೆ ಅದು ಕಷ್ಟವಾಗಲಿಲ್ಲ. ಗಾಯ ಮಾತ್ರ ದಿನದಿಂದ ದಿನಕ್ಕೆ ಕಪ್ಪು ಕಳೆದು ಕೆಂಪಗಾಗುತ್ತಾ, ಕಿರಿದಾಗುತ್ತಾ ಬಂತು. ಬೆರಳು ತೆಗೆಯುವ ಮಾತನ್ನು ವೈದ್ಯರು ಮತ್ತೆ ಎತ್ತಲಿಲ್ಲ.

ಯುಗಾದಿ ಕಳೆದ ಮೇಲೆ, ಚೀಟಿಯ ಪ್ರಕಾರ ಚೈತ್ರದ ಮೂರನೆಯ ವಾರ, ವೈದ್ಯರು ಕಟ್ಟು ಬಿಚ್ಚಿ ಪಾದವನ್ನು ತಿರುಗಿಸಿ ನೋಡಿ, "ಪೂರ್ತಿ ಮಾಯ್ದಿದೆ ಸಾರ್" ಎಂದರು. ಮೆತ್ತನೆಯ ಚಪ್ಪಲಿ ಹಾಕಿಕೊಂಡು, ದಿನಕ್ಕೆ ಸ್ವಲ್ಪ ಹೊತ್ತು, ಪೆಡಲು ಒತ್ತಬಹುದು ಎಂದೂ ಹೇಳಿದರು. ಹಿಂತಿರುಗುವಾಗ ಅಮ್ಮ ಆಟೋ ನಿಲ್ಲಿಸಿ ಒಂದು ಜೊತೆ ಹೊಸ ಚಪ್ಪಲಿ ಕೊಂಡಳು. ಮನೆಗೆ ಬಂದು ಅದನ್ನು ತೊಳೆದಳು. ಒರೆಸಿದಳು. ಯಾರೊಡನೆಯೂ ಚರ್ಚಿಸದೆ ವಾದ್ಯದ ಅಡಿಯಲ್ಲಿ ಇಟ್ಟಳು.

"ಚಪ್ಪಲಿ ಇಟ್ಟೆಯಲ್ಲೇ, ಅಲ್ಲಿ?" ಎಂದರು ಅಪ್ಪಾಜಿ.

"ಇದು ಬೀದಿ ತುಳಿಯೋದಿಲ್ಲ. ಇದು ನಿಮ್ಮ ಕಾಲೇ ಅಂದುಕೊಂಡೆ. ಕಾಲು ಉಳೀತಲ್ಲ, ಸಾಕು." ಆಮೇಲೆ ಸ್ಪ್ಯಾನರ್ ಪೆಟ್ಟಿಗೆ ತಂದು ಅವರ ಮುಂದಿಟ್ಟಳು. "ಬಿಗಿ ಮಾಡ್ಕೊಳ್ಳಿ. ಕಾಲಿಗೆ ಇದು ಸಡಿಲ ಆಗುತ್ತೆ."

ಅಪ್ಪಾಜಿ ಪೆಟ್ಟಿಗೆಯನ್ನು ನೋಡಿದರು. ಕರಡಿಗೆಯನ್ನು ಬನಿಯನ್ನಿನೊಳಗೆ ಸೇರಿಸಿದರು. ಉಗುರುಗಳನ್ನು ಬೆರಳಿಗೆ ತೊಟ್ಟುಕೊಂಡರು. ವಾಸಿಯಾದ ಎಡಗಾಲನ್ನು ತಾವೇ ಎತ್ತಿ, ಪಕ್ಕದ ದಿಂಬಿನ ಮೇಲೆ ಇಟ್ಟುಕೊಂಡರು.

"ಯಾಕ್ರೀ, ಇನ್ನೂ ನೋವಿದೆಯಾ?"

"ನೋವು ಗೊತ್ತಾಗೋ ಕಾಲಾ ಅದು? ಪೆಟ್ಟಿಗೆ ಒಳಗಿಡು. ಸ್ಪ್ರಿಂಗು ನಿನ್ನ ಕೈಗೆ ಹೊಂದಿಕೊಂಡಿದೆ. ಮತ್ತೆ ಬಿಚ್ಚೋದು ಬೇಡ."

ಅಮ್ಮ ಪೆಟ್ಟಿಗೆಯನ್ನು ಒಳಗಿಡಲು ಹೋಗಲಿಲ್ಲ, ಕಾಲಿನಿಂದ ಪಕ್ಕಕ್ಕೆ ಸರಿಸಿದಳು. ಮಂಡಿಯ ಮೇಲೆ ಕೈಯೂರಿ ಮಣೆಯ ಮೇಲೆ ಕೂತಳು. ಅದಾದ ಮೇಲೆ ಅಪ್ಪಾಜಿ ಎರಡು ಮಳೆಗಾಲ ಬದುಕಿದರು. ಅವರು ನುಡಿಸಿದ ಸಂಜೆಗಳಲ್ಲಿ ಒಂದರಲ್ಲೂ ಎಡಗಾಲು ದಿಂಬಿನಿಂದ ಇಳಿಯಲಿಲ್ಲ.